ನಮ್ಮ ಓಣಿಯ ಹಗೇವು

ಮೊನ್ನೆ ಶಬಾನಾ ನಮ್ಮ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಾಗ ಒಳಗಿನಿಂದ ಒಂದು ಉಸಿರು ಬಂತು. ಉಸಿರೆಂದೇ ಅನ್ನಬೇಕು. ಬೆಚ್ಚಗಿನ, ಮುಗ್ಗಿದ ವಾಸನೆಯ, ಬಹಳ ಕಾಲ ಬಾಯಿ ಮುಚ್ಚಿಕೊಂಡಿದ್ದ ಜಾಗ ಮಾತ್ರ ಬಿಡುವಂಥ ಉಸಿರು. ಅದರ ಹಿಂದೆಯೇ ಬೂದುಬಣ್ಣದ ಒಂದು ಉಂಡೆ ಉರುಳಿ ಅವಳ ಮಡಿಲಿಗೆ ಬಿತ್ತು. ನಮ್ಮ ಆದೋನಿಯಲ್ಲಿ ಧೂಳೆಂದರೂ ಅರ್ಧ ಹತ್ತಿಯೇ. ಒಳಗಿನ ಫ್ಯಾನು ತಿರುಗಿ ತಿರುಗಿ ಅದನ್ನು ಹದವಾಗಿ ಹಿಂಜಿ ಇಟ್ಟಿತ್ತು.

"ಅಂಕಲ್, ಇದರಾಗ ಒಂದು ದಿಂಬು ಆಗ್ತೈತಿ ನೋಡ್ರಿ," ಎಂದಳು ಶಬಾನಾ.

ಶಬಾನಾ ಹತ್ತಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಜೆರಾಕ್ಸು ಮತ್ತು ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳು. ಕನ್ನಡ, ತೆಲುಗು, ದಖನಿ ಮೂರನ್ನೂ ಒಂದೇ ಎಲೆಯಡಿಕೆಯಂತೆ ಅಗಿಯುತ್ತಾಳೆ. ನಾನು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದ ಕಾಲದಿಂದಲೂ ಅವಳ ತಂದೆಯ ಪರಿಚಯ, ಹಾಗಾಗಿ ನನ್ನನ್ನು ಬೈಯುವ ಹಕ್ಕು ಅವಳಿಗೆ ಪಿತ್ರಾರ್ಜಿತವಾಗಿ ಬಂದಿದೆ. ಧೂಳು ಕೊಡವಿ, ತಗಡು ಮುಚ್ಚಿ, ಪರದೆಯ ಮುಂದೆ ಕೂತಳು. ಅಲ್ಲಿ ಒಂದು ಉದ್ದನೆಯ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಕೆಂಪಗಿತ್ತು.

"ಡಿಸ್ಕ್ ಫುಲ್ಲಾಗೈತಿ ಅಂಕಲ್. ಸೂಜಿ ಊರಾಕ ಜಾಗ ಇಲ್ಲ. ಅದರ ಮ್ಯಾಲ ಕಟಕಟ ಅನ್ನಾಕ ಬ್ಯಾರೆ ಹತ್ತೈತಿ. ಎಪ್ಪುಡು ಪೋತುಂದೋ ತೆಲೀದು, ಇವತ್ತು ಹೋಗ್ತೈತೋ ನಾಳಿಗೋ. ಬೇಕಾದ್ದು ತಕ್ಕೊಂಡು ಇಟ್ಕೊಳ್ರಿ. ಐತಾರ ಬಂದು ಇದ್ದದ್ದೆಲ್ಲ ಸಾಫ್ ಮಾಡಿ ಹೊಸಾ ಡಿಸ್ಕ್ ಕೂಡ್ರಿಸ್ತೀನಿ."

"ನಾನು ದಿನಾ ಡಿಲೀಟ್ ಮಾಡ್ತೀನಲ್ಲವಾ," ಎಂದೆ. ಸುಳ್ಳಲ್ಲ. ಬೆಳಗ್ಗೆ ಪೂಜೆ, ನಾಷ್ಟಾ ಆದ ಮೇಲೆ ಹೂವಿನ ಚಿತ್ರಗಳು, ಶುಭೋದಯಗಳು, ಯಾರದೋ ನಾಯಿ ಸೈಕಲ್ ಹೊಡೆಯುವ ವಿಡಿಯೋ, ಇವನ್ನೆಲ್ಲ ತೆಗೆದುಹಾಕುವುದು ನನ್ನ ನಿವೃತ್ತ ಜೀವನದ ಮುಖ್ಯ ಉದ್ಯೋಗ.

ಅವಳು ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರವನ್ನು ಒತ್ತಿದಳು. ಇಷ್ಟು ವರ್ಷ ನಾನು ಬಿಸಾಡಿದ್ದೆಲ್ಲ ಅಲ್ಲೇ ಇತ್ತು. ನಾಯಿ ಕೂಡ.

"ಕಸ ಹೊಡದು ಪಡಸಾಲಿ ಮೂಲ್ಯಾಗ ಗುಡ್ಡಿ ಹಾಕೀರಿ. ಹೊರಗ ಚೆಲ್ಲೇ ಇಲ್ಲ," ಎಂದು ನಕ್ಕಳು.

ನನಗೆ ನಾಚಿಕೆಯಾಗಬೇಕಿತ್ತು. ಆದರೆ ಮನಸ್ಸು ಅಲ್ಲಿರಲಿಲ್ಲ. ಅದು ಆ ಬೆಚ್ಚಗಿನ ವಾಸನೆಯ ಬೆನ್ನುಹತ್ತಿ, ಹೊಳಗುಂದದ ಕಡೆಯ ನಮ್ಮೂರಿಗೆ ಓಡಿ, ನೀಲಮ್ಮತ್ತಿಯ ಹಗೇವಿನ ಬಾಯಿಯ ಹತ್ತಿರ ಮಂಡಿಯೂರಿ ಕೂತುಬಿಟ್ಟಿತ್ತು.

ಹಗೇವು ನೋಡದವರು ನಿಮ್ಮಲ್ಲಿ ಇರಬಹುದು. ಈಗ ಊರಲ್ಲೂ ಉಳಿದಿಲ್ಲ. ಮನೆಯ ಮುಂದಿನ ನೆಲದಲ್ಲಿ ಆಳುದ್ದಕ್ಕಿಂತ ಆಳವಾಗಿ ತೋಡಿದ ಗುಂಡಿ ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ದೊಡ್ಡದು. ಸುತ್ತ ಜೋಳದ ದಂಟು ಒತ್ತಿ, ಕಾಳು ತುಂಬಿ, ಮೇಲೆ ಬಂಡೆ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮೇಲೆ ಬಂಡಿ ಹೋದರೂ ಒಳಗೆ ಜೋಳವಿದೆ ಎಂದು ಗೊತ್ತಾಗುತ್ತಿರಲಿಲ್ಲ. ತೆರೆಯುವ ದಿನ ಮಾತ್ರ ಗಡಿಬಿಡಿ. ಬಂಡೆ ಸರಿಸಿದ ಕೂಡಲೇ ಯಾರೂ ಇಳಿಯುವಂತಿಲ್ಲ. ಅತ್ತಿ ಒಂದು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಡುತ್ತಿದ್ದಳು. ದೀಪ ಸೊರಗಿದರೆ ಎಲ್ಲರೂ ಹಿಂದೆ ಸರಿಯಬೇಕು. "ಮೊದಲು ಅದು ಉಸಿರು ಬಿಡ್ಲಿ, ಆಮ್ಯಾಲ ನೀವು ಉಸಿರು ತಗೊಳ್ರಿ," ಎನ್ನುತ್ತಿದ್ದಳು. ಆ ಉಸಿರೇ ಮೊನ್ನೆ ನನ್ನ ಮೂಗಿಗೆ ಬಡಿದದ್ದು.

ನೀಲಮ್ಮತ್ತಿ ನಮ್ಮಪ್ಪನ ಅಕ್ಕ. ಅವಳನ್ನು ಕೊಟ್ಟದ್ದು ಅದೇ ಊರಿಗೆ, ನಮ್ಮ ಮನೆಯ ಎದುರಿಗೇ. ನಾನು ಉಂಡದ್ದು ಅಲ್ಲಿ, ಮಲಗಿದ್ದು ಅಲ್ಲಿ, ಮಾತು ಕಲಿತದ್ದೂ ಅಲ್ಲಿಯೇ. ಶಾಲೆಯಲ್ಲಿ ತೆಲುಗಿನ ಮೇಷ್ಟರು ಒಂದು ಕಲಿಸಿದರೆ ಮನೆಯಲ್ಲಿ ಅತ್ತಿ ಅದನ್ನು ತೊಳೆದು, ಕನ್ನಡದಲ್ಲಿ ಅದ್ದಿ, ಒಣಗಹಾಕುತ್ತಿದ್ದಳು. ಅವಳ ಹಗೇವಿನಲ್ಲಿ ಅವಳ ಜೋಳಕ್ಕಿಂತ ಊರವರ ಜೋಳವೇ ಹೆಚ್ಚು. ಹಗೇವಿಲ್ಲದವರು ಚೀಲ ಹೊತ್ತುಕೊಂಡು ಬಂದು, "ನೀಲಮ್ಮಕ್ಕಾ, ಒಂದೀಟು ನಿಂದರಾಗs ಇಟ್ಕೋ," ಅನ್ನುವರು. ಒಲ್ಲೆ ಎಂಬ ಮಾತು ಅವಳಿಗೆ ಬರುತ್ತಲೇ ಇರಲಿಲ್ಲ. ಒಬ್ಬರ ಜೋಳ ಸುರಿದ ಮೇಲೆ ಅದರ ಮೇಲೆ ಅವರದೇ ಮನೆಯ ಹಳೇ ಸೀರೆ ಹಾಸಬೇಕು. ಅದರ ಮೇಲೆ ಇನ್ನೊಬ್ಬರದು, ಇನ್ನೊಂದು ಸೀರೆ. ತೆಗೆಯುವಾಗ ಸೀರೆ ನೋಡಿ ಕೂಗುವುದು: "ಹಸಿರು ದಡಿ ಬಂತು, ಹೊನ್ನವ್ವಾ, ಚೀಲ ತಾ." ಎಷ್ಟು ಚೆಂದದ ಲೆಕ್ಕ ಅನ್ನುತ್ತೀರಿ. ಅಕ್ಷರ ಬೇಡ, ಮುದ್ರೆ ಬೇಡ. ಓಣಿಯ ಹೆಂಗಸರ ಹಳೇ ಸೀರೆಗಳು ಓಣಿಯ ಹೆಂಗಸರಿಗೆ ಗೊತ್ತಿರದೆ ಇರುತ್ತವೆಯೇ?

ಒಂದು ಸಲ ಎಲ್ಲರೂ ಒಯ್ದ ಮೇಲೆ ಅಡಿಯಲ್ಲಿ ಒಂದು ನೀಲಿ ಚೌಕಡಿಯ ಸೀರೆ ಸಿಕ್ಕಿತು, ಅದರ ಕೆಳಗೆ ಜೋಳ. ಯಾರೂ ನನ್ನದೆನ್ನಲಿಲ್ಲ. ನಮ್ಮಪ್ಪ, "ಅಕ್ಕಾ, ಯಾರದೂ ಅಲ್ಲಂದ್ರ ನಿಂದs ಅದು," ಎಂದ. ಅತ್ತಿ ಸೊಂಟದ ಮೇಲೆ ಕೈಯಿಟ್ಟಳು. "ಯಾರದಂತ ಗೊತ್ತಿಲ್ಲ ಖರೆ. ನಂದಲ್ಲ ಅಂಬೋದು ಗೊತ್ತೈತಲ್ಲ, ಅಷ್ಟು ಸಾಕು."

ಆದರೆ ಜೋಳ ಎಷ್ಟು ವರ್ಷ ಇದ್ದೀತು, ಹುಳ ಬೀಳುತ್ತದೆ. ಹಾಗಾಗಿ ಆ ಜೋಳವನ್ನು ನಾವು ತಿನ್ನುವುದು, ಸುಗ್ಗಿಯಲ್ಲಿ ಅಷ್ಟೇ ಹೊಸ ಜೋಳವನ್ನು ಅಳೆದು ನೀಲಿ ಸೀರೆಯ ಕೆಳಗೆ ಇಡುವುದು, ಸೀರೆಯನ್ನು ಒಗೆದು ಹಾಸುವುದು. ಹೀಗೆಯೇ ನಡೆಯಿತು. ನಾನು ಚಡ್ಡಿಯಿಂದ ಪೈಜಾಮಾಕ್ಕೆ ಬಡ್ತಿ ಪಡೆದ ಮೇಲೆ ಒಂದು ದಿನ ಕುರಿಗಾರರ ಹೆಂಗಸೊಬ್ಬಳು ಬಂದಳು. ಕುರಿ ಹೊಡೆದುಕೊಂಡು ಹೋದವರು ಅತ್ತಲೇ ನೆಲೆ ನಿಂತಿದ್ದರಂತೆ. ಸೀರೆ ಗುರುತಿಸಿದಳು. ಜೋಳ ಅಳೆಸಿಕೊಂಡು, ಒಂದು ಹಿಡಿ ಎತ್ತಿ ನೋಡಿ ಮುಖ ಸಿಂಡರಿಸಿದಳು.

"ಇದು ನಮ್ಮ ಜ್ವಾಳಲ್ಲ ತಾಯಿ. ನಮ್ಮದು ಇಷ್ಟು ಬೆಳ್ಳಗಿದ್ದಿಲ್ಲ. ನಮ್ಮ ಜ್ವಾಳ ಎಲ್ಲಿ?"

ಅತ್ತಿ ನನ್ನ ರಟ್ಟೆ ಹಿಡಿದು ಅವಳ ಮುಂದೆ ನಿಲ್ಲಿಸಿದಳು. "ನಿಮ್ಮ ಜ್ವಾಳ ಇಲ್ಲೈತಿ ನೋಡವಾ. ತಿಂದು ತಿಂದು ಇಷ್ಟೆತ್ತರ ಆಗ್ಯಾನ. ಬೇಕಂದ್ರ ಚೀಲದಾಗ ಹಾಕ್ಕೊಂಡು ಹೋಗು."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಜೋಳವೇ ವಾಸಿ ಎಂದು ತೀರ್ಮಾನಿಸಿ ಹೊರಟಳು.

ಇನ್ನೊಂದು ಪದ್ಧತಿಯಿತ್ತು. ಹಗೇವನ್ನು ಪೂರ್ತಿ ಬರಿದು ಮಾಡಿ, ಗುಡಿಸಿ, ಹೊಗೆ ಹಾಕಿ, ಮುಚ್ಚುವ ಮೊದಲು ಅತ್ತಿ ಒಂದು ಹಿಡಿ ಜೋಳವನ್ನು ಒಳಗೆ ಚೆಲ್ಲುತ್ತಿದ್ದಳು. ಬರಿದಾದ ಹೊಟ್ಟೆಗೆ ಬಂಡೆ ಎಳೆಯುವುದು ಅವಳಿಗೆ ಸೇರುತ್ತಿರಲಿಲ್ಲ.

ಈಗ ಮತ್ತೆ ಕೆಂಪು ಪಟ್ಟಿಗೆ ಬರೋಣ, ಶಬಾನಾ ಕಾಯುತ್ತಿದ್ದಾಳೆ.

ನಮ್ಮ ಮಗಳು ಕಾಲೇಜಿಗೆ ಹೋಗುವಾಗ ಕೊಂಡ ಕಂಪ್ಯೂಟರು ಇದು. ಓಣಿಗೆಲ್ಲ ಮೊದಲನೆಯದು. ಮಗಳು ಓದು ಮುಗಿಸಿ ರಾಯಚೂರಿಗೆ ಸೊಸೆಯಾಗಿ ಹೋದಳು, ಪೆಟ್ಟಿಗೆ ನನಗುಳಿಯಿತು. ಆ ಹೊತ್ತಿಗೆ ಓಣಿಯಲ್ಲಿ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದಿತ್ತು. ಆಗಿನ ಫೋನುಗಳ ಹೊಟ್ಟೆ ಅಂಗೈಯಷ್ಟು. ಒಂದು ಮದುವೆ ಉಂಡರೆ ತೇಗಿಬಿಡುತ್ತಿದ್ದವು. ಒಬ್ಬೊಬ್ಬರೇ ಬರತೊಡಗಿದರು. "ಅಣ್ಣಾರ, ಫೋನು ತುಂಬೇತಿ. ಒಂದೀಟು ನಿಮ್ಮ ಕಂಪ್ಯೂಟರಿನಾಗ ಇಟ್ಕೊಳ್ರಿ." ಆ ಮಾತಿನ ಧಾಟಿ ನನಗೆ ಗೊತ್ತಿತ್ತು. ಅತ್ತಿಯ ಅಂಗಳದಲ್ಲಿ ಕೇಳಿ ಬೆಳೆದದ್ದು. ಒಲ್ಲೆ ಎನ್ನಲು ನನಗೂ ಬರಲಿಲ್ಲ. ವೈರು ಸಿಕ್ಕಿಸಿ ಎಲ್ಲ ಇಳಿಸಿಕೊಳ್ಳುತ್ತಿದ್ದೆ. ಅವರು ನನ್ನೆದುರಿಗೇ ಫೋನಿನಿಂದ ಅಳಿಸಿ, ಭಾರ ಇಳಿಸಿದವರ ಹಾಗೆ ಹಗುರಾಗಿ ಮನೆಗೆ ಹೋಗುತ್ತಿದ್ದರು. ಅಂದರೆ ಅವರ ಬಳಿ ಬೇರೆ ಪ್ರತಿಯಿಲ್ಲ. ಇದ್ದದ್ದು ನಮ್ಮ ಈ ಒಂದು ಪೆಟ್ಟಿಗೆಯಲ್ಲಿ.

ಅದೇ ಪೆಟ್ಟಿಗೆ ಈಗ ಕಟಕಟ ಅನ್ನುತ್ತಿತ್ತು. ನನ್ನ ಚಿತ್ರಗಳು ಹೋದರೆ ಹೋಗಲಿ, ನನ್ನ ಮುಖ ನನಗೆ ಬೇಜಾರಾಗಿ ಬಹಳ ವರ್ಷವಾಯಿತು. ಊರವರದನ್ನು ಇಟ್ಟುಕೊಂಡು ಕಳೆದೆ ಅನ್ನಿಸಿಕೊಂಡರೆ ಅತ್ತಿಯ ಸೋದರಳಿಯ ಎಂದು ಹೇಗೆ ಹೇಳಿಕೊಳ್ಳಲಿ?

ಸರಿ, ಅವರವರದು ಅವರಿಗೆ ಒಪ್ಪಿಸಿಬಿಡೋಣ ಎಂದು ಫೋಲ್ಡರುಗಳನ್ನು ತೆರೆದು ಕೂತೆ. ಅಲ್ಲಿ ನೋಡಿ ತಮಾಷೆ.

ಒಂದು ಫೋಲ್ಡರಿನ ಹೆಸರು 'ಅವರದು'. ಅದರ ಕೆಳಗಿನದೂ 'ಅವರದು', ಪಕ್ಕದಲ್ಲಿ ಕಂಪ್ಯೂಟರು ತಾನೇ ಬರೆದುಕೊಂಡ ಎರಡು. ಆಮೇಲೆ ಮೂರು. ಹೀಗೆ ಸಾಲುಸಾಲಾಗಿ, ಸಂತೆಯಲ್ಲಿ ಒಂದೇ ಟೋಪಿ ಹಾಕಿಕೊಂಡು ನಿಂತವರ ಹಾಗೆ. "ಅಂಕಲ್, ಇವೆಲ್ಲ ಯಾರ್ಯಾರದು?" ಎಂದು ಶಬಾನಾ ತಬ್ಬಿಬ್ಬಾದಳು. ನನಗೆ ಮಾತ್ರ ಆ ಹೆಸರು ಬಂದ ಬಗೆ ನೆನಪಾಯಿತು. ಇಟ್ಟುಕೊಳ್ಳುವಾಗ ನಾನು ಕೇಳುತ್ತಿದ್ದೆ: "ಯಾರ ಹೆಸರಿನ್ಯಾಗ ಇಡ್ಲವಾ?" ನಮ್ಮ ಓಣಿಯ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಸೆರಗು ಸರಿಮಾಡಿಕೊಂಡು, "ಅವರದು ಅಂತ ಬರಿ ಅಣ್ಣಾರ," ಅನ್ನುವರು. ಇದರಲ್ಲಿ ತಪ್ಪೇನಿದೆ ಎಂದು ನಾನೂ ಹಾಗೆಯೇ ಬರೆದೆ. ಬರೆಯುವಾಗ ಎದುರಿಗೆ ಅವರೇ ನಿಂತಿದ್ದರಲ್ಲ, ಯಾರದೆಂದು ಸ್ಪಷ್ಟವಾಗಿಯೇ ಇತ್ತು.

ಈ ರೋಗ ನನಗೆ ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಸರಕಾರದವರು ಮನೆಮನೆಗೆ ಹೆಸರು ಬರೆದುಕೊಳ್ಳಲು ಬಂದಿದ್ದರು. ಅತ್ತಿಗೆ ಗಂಡನ ಹೆಸರು ಕೇಳಿದರೆ, "ಅವರು ಕಟ್ಟಿ ಮ್ಯಾಲ ಕುಂತಾರ, ಅವರನ್ನs ಕೇಳ್ರಿ," ಎಂದಳು. ಆ ಮನುಷ್ಯ ಕಟ್ಟೆಗೆ ಹೋದ. ಮಾವ ತನ್ನ ಹೆಸರು ಬರೆಸಿದ. ಹೆಂಡತಿಯ ಹೆಸರು? "ಆಕಿ ಒಳಗದಾಳ, ಆಕೀನ್ನs ಕೇಳ್ರಿ." ಪಾಪ, ಆತ ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದ.

ಆ ವಾರ ನಮ್ಮ ಕಟ್ಟೆ ಹಗೇವು ತೆರೆದ ಅಂಗಳವೇ ಆಯಿತು. ನನ್ನ ಹೆಂಡತಿ ಸುವರ್ಣ ಓಣಿಯಲ್ಲಿ ಸುದ್ದಿ ಹಾಕಿದಳು: "ಯಾರ್ಯಾರು ನಮ್ಮವರ ಹತ್ರ ಏನೇನು ಇಟ್ಟೀರಿ, ಬಂದು ಒಯ್ರಿ. ಐತಾರ ಆದ ಮ್ಯಾಲ ಕೇಳಬ್ಯಾಡ್ರಿ." ಪರದೆಯನ್ನು ಕಿಟಕಿಗೆ ತಿರುಗಿಸಿ ಇಟ್ಟೆ. ಒಂದೊಂದು 'ಅವರದು' ತೆರೆದಂತೆ ಹೊರಗೆ ನಿಂತವರು ಗುರುತು ಹಿಡಿಯುವರು. ಶಬಾನಾ ಅಂಗಡಿಯಿಂದ ಬಿಡುವಾದಾಗ ಬಂದು ಅವರವರ ಪೆನ್ ಡ್ರೈವಿಗೋ ಫೋನಿಗೋ ಹಾಕಿಕೊಡುವಳು.

ಮೊದಲನೆಯದನ್ನು ತೆರೆದರೆ ಎತ್ತು. ಬರೀ ಎತ್ತು. ಮುಂದಿನಿಂದ, ಹಿಂದಿನಿಂದ, ನೀರು ಕುಡಿಯುವಾಗ, ಸುಮ್ಮನೆ ನಿಂತಾಗ. ಎದುರು ಮನೆಯ ಗಂಗಮ್ಮ ಕಿಟಕಿಯ ಸರಳು ಹಿಡಿದು ನಿಟ್ಟುಸಿರುಬಿಟ್ಟಳು.

"ಅವರದs ಬಿಡ್ರಿ. ಪೂರಾ ನೋಡ್ರಿ ಅಣ್ಣಾರ, ನಂದೊಂದು ಫೋಟೋ ಏನರ ಐತೇನು?"

ಪೂರಾ ನೋಡಿದೆವು. ಒಂದಿತ್ತು. ಎತ್ತಿನ ಕೊಂಬಿನ ಸಂದಿಯಲ್ಲಿ ಅವಳ ಅರ್ಧ ಮುಖ.

"ಕೊಂಬು ಚಲೋ ಬಂದಾವಂತ ತೆಗ್ದಿರ್ತಾರ," ಎಂದಳು ಸುವರ್ಣ. ಗಂಗಮ್ಮ ನಕ್ಕಳು, ಆದರೂ ಆ ಚಿತ್ರವನ್ನು ಬೇರೆಯಾಗಿ ದೊಡ್ಡದು ಮಾಡಿ ಕೊಡಲು ಶಬಾನಾಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಎರಡನೆಯ 'ಅವರದು' ತುಂಬಾ ಯಾರದೋ ಮೊಣಕಾಲಿನ ಎಕ್ಸ್‌ರೇಗಳು. "ನಮ್ಮನೀಯವರ ಮೊಣಕಾಲು. ಎಲ್ಲಿದ್ರೂ ಗುರುತು ಹಿಡೀತೀನಿ," ಎಂದು ಹಿಂದಿನ ಮನೆಯ ಹೊನ್ನೂರಮ್ಮ ಕೈ ಎತ್ತಿದಳು. ಹೀಗೆ ನಾಮಕರಣಗಳು, ಗೃಹಪ್ರವೇಶಗಳು, ಪತ್ತಿಕೊಂಡದ ಬೀಗರ ಮನೆಯ ಊಟ, ಒಂದೇ ಫೋಟೋ ಮೂರು ಕಡೆ, ಕಾಪಿಯ ಕಾಪಿ, ಎಲ್ಲ ಒಡೆಯರನ್ನು ಸೇರಿದವು. ಶನಿವಾರದ ಹೊತ್ತಿಗೆ ಕಟ್ಟೆ ಖಾಲಿ. ಪರದೆಯ ಮೇಲೆ ಒಂದೇ ಒಂದು 'ಅವರದು' ಉಳಿಯಿತು.

ನಿಮಗೆ ನೀಲಿ ಚೌಕಡಿಯ ಸೀರೆ ನೆನಪಾದೀತು. ನನಗೂ ಅದೇ ನೆನಪಾಯಿತು.

ಅದರೊಳಗೆ ಇದ್ದದ್ದು ವಿಡಿಯೋಗಳು, ಎಲ್ಲವೂ ಲಾರಿಯ ಮುಂಗಾಜಿನಿಂದ ತೆಗೆದವು. ಗಾಜಿಗೆ ಜೋತುಬಿದ್ದ ನಿಂಬೆಹಣ್ಣು, ಅದರಾಚೆ ರಸ್ತೆ. ಮುಖ ಕಾಣುವುದಿಲ್ಲ. ಗಂಡಸಿನ ದನಿಯೊಂದೇ ಕೇಳುತ್ತದೆ, ಪಕ್ಕದಲ್ಲಿ ಯಾರನ್ನೋ ಕೂಡಿಸಿಕೊಂಡವನ ಹಾಗೆ. "ನೋಡಿಲ್ಲಿ, ಎಮ್ಮಿಗನೂರು ಬಂತು. ಇಗಾ ಈ ಕಡೆ ಮಗ್ಗದ ಮನಿಗಳು. ನೋಡ್ಯಾ? ... ಇಗಾ ಗೋನೆಗಂಡ್ಲ, ನಿಮ್ಮ ತವರು. ಕೈ ಮಾಡು, ನಿಮ್ಮಣ್ಣ ಕಂಡ್ರ ಮಾಡಾನು ... ಇನ್ನ ಮುಂದ ನೀ ನೋಡಿಲ್ಲ. ಸುಮ್ನ ಕುಂತು ನೋಡು." ಆದರೆ ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ. ಒಂದು ಕಡೆ ಕ್ಯಾಮೆರಾ ಅತ್ತ ತಿರುಗಿದಾಗ ಕಂಡದ್ದು ಒಂದು ನೀರಿನ ಬಾಟಲಿ, ಒಂದು ಟವೆಲು.

ಇವನು ಯಾರೋ ಇವನ ಹೆಸರಿಲ್ಲ. ಯಾರಿಗೆ ತೋರಿಸುತ್ತಿದ್ದಾನೋ ಅವಳ ಹೆಸರನ್ನೂ ಒಮ್ಮೆಯೂ ಕರೆಯುವುದಿಲ್ಲ. "ನೋಡಿಲ್ಲಿ," "ಕೇಳಿದ್ಯಾ," ಇಷ್ಟೇ. ಶಬಾನಾ ಗಲ್ಲದ ಮೇಲೆ ಕೈಯಿಟ್ಟು ನೋಡುತ್ತ ಕೂತಿದ್ದಳು. "ಕೈಸಾ ಆದ್ಮಿ ಅಂಕಲ್ ಇಂವ. ಖಾಲಿ ಸೀಟಿಗಿ ಊರು ತೋರ್ಸಾಕ ಹತ್ಯಾನ." ನಾಳೆ ಐತವಾರ. ಇದನ್ನು ನನ್ನ ಪೆನ್ ಡ್ರೈವಿಗೆ ಹಾಕಿಕೊಂಡೆವು ನಿಜ, ಆದರೆ ಒಡೆಯರಿಗೆ ಮುಟ್ಟಿಸದೆ ನನ್ನ ಜೇಬಿನಲ್ಲಿಟ್ಟುಕೊಂಡರೆ ಒಪ್ಪಿಸಿದಂತಾಯಿತೇ? ಇದು ಒಬ್ಬ ಗಂಡಸು ತನ್ನ ಹೆಂಡತಿಗೆಂದೇ ತೆಗೆದದ್ದು. ಬೇರೆ ಯಾರಿಗೂ ಇದರಲ್ಲಿ ರಸ್ತೆ ಬಿಟ್ಟು ಏನೂ ಕಾಣುವುದಿಲ್ಲ.

ಅಷ್ಟರಲ್ಲಿ ವಿಡಿಯೋದ ಮನುಷ್ಯ ಹಾರನ್ನು ಹೊಡೆದ. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಸ್ವಲ್ಪ ಅಳುವ ದನಿ.

ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಸುವರ್ಣ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಅನ್ನಕ್ಕಿಡೋ ಹಾರನ್ನಲ್ಲೇನ್ರಿ ಇದು?"

"ಏನದು?"

"ನಿಮಗೇನು ಗೊತ್ತಿರತೈತಿ, ನೀವು ಫ್ಯಾಕ್ಟರ್ಯಾಗ ಇರ್ತಿದ್ರಿ. ಮೂಲಿ ಮನ್ಯಾಗ ಬಾಡಿಗಿ ಇದ್ದಳಲ್ಲ, ಲಚ್ಚಮ್ಮ. ಆಕಿ ಮನೀಯವರು ಲಾರಿ ತಗೊಂಡು ಬಂದ್ರ ಮಾರ್ಕೆಟ್ಟಿನ ತಿರುವಿನ್ಯಾಗ ಹಿಂಗs ಹೊಡೀತಿದ್ರು. ಇದು ಕೇಳಿ ಆಕಿ ಅನ್ನಕ್ಕ ಇಡ್ತಿದ್ಳು. ಲಾರಿ ನಿಲ್ಲಿಸಿ ಕೈಕಾಲು ತೊಳ್ಕೊಂಡು ಬರೂದ್ರಾಗ ಅನ್ನ ಆಗಿರ್ತಿತ್ತು. ನಾವೂ ಅದನ್ನs ಕೇಳಿ ಒಲಿ ಹಚ್ಚತಿದ್ವಿ. ಆಕಿ ತವರು ಗೋನೆಗಂಡ್ಲನs. ಇಲ್ಲಿ ಮನಿ ಬಿಟ್ಟು ಅಲ್ಲಿಗೇ ಹೋದ್ರು."

ಬೇರೆ ದಾರಿಯಿರಲಿಲ್ಲ. ಅವತ್ತೇ ಊಟ ಮುಗಿಸಿ, ಪೆನ್ ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು, ಫೋನಿನಲ್ಲೂ ಒಂದು ತುಂಬಿಸಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಎಮ್ಮಿಗನೂರಿನಲ್ಲಿ ಬದಲಾಯಿಸಿ ಗೋನೆಗಂಡ್ಲದಲ್ಲಿ ಇಳಿದರೆ, ಯಾರನ್ನು ಕೇಳಬೇಕು, ಏನೆಂದು ಕೇಳಬೇಕು? ಸುವರ್ಣ ಬೀಡಾ ಅಂಗಡಿಯವನ ಮುಂದೆ ನಿಂತು ತೆಲುಗಿನಲ್ಲಿ ಶುರುಮಾಡಿದಳು. ಲಾರಿ ಡ್ರೈವರಂತೆ, ಆದೋನಿಯಿಂದ ಬಂದವರಂತೆ. "ಪೇರೇಂಟಮ್ಮಾ?" ಎಂದ ಅವನು. ಹೆಸರು? ವರ್ಷಗಟ್ಟಲೆ ಒಂದೇ ಓಣಿಯಲ್ಲಿದ್ದ ಮನುಷ್ಯನ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

"ಲಚ್ಚಮ್ಮ ವಾಳ್ಳಾಯನ," ಎಂದಳು ಸುವರ್ಣ. ಲಚ್ಚಮ್ಮನ ಯಜಮಾನರು.

"ಬಜ್ಜೀಲ ಲಚ್ಚಮ್ಮನಾ? ಅದಿಗೋ," ಎಂದು ಅವನು ಎದುರಿಗೇ ಕೈ ತೋರಿಸಿದ.

ಬೇವಿನ ಮರದ ಕೆಳಗೆ ತಳ್ಳುವ ಬಂಡಿ. ಬಾಣಲೆಯ ಮುಂದೆ ಲಚ್ಚಮ್ಮ, ಸ್ವಲ್ಪ ದಪ್ಪಗಾಗಿದ್ದಾಳೆ. ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕೂತು ಮಂಡಕ್ಕಿಯ ಉಗ್ಗಾಣಿಗೆ ಈರುಳ್ಳಿ ಹೆಚ್ಚುತ್ತಿದ್ದ ಗಂಡಸು. ಸೊಂಟ ಹಿಡಿದು ಲಾರಿ ಕೆಲಸ ಬಿಟ್ಟಿದ್ದಾರಂತೆ. ನಮ್ಮನ್ನು ಕಂಡು ಲಚ್ಚಮ್ಮ ಜಾಲರಿ ಸೌಟು ಹಿಡಿದೇ ಓಡಿಬಂದಳು. ಸುವರ್ಣಳ ಹೊಸ ಸೀರೆಗೆ ಎಣ್ಣೆ ತಗುಲಿದ್ದು ಅಲ್ಲಿಯೇ.

ನಾನು ವಿಷಯ ಹೇಳಿದೆ. ಅವಳು ಸೌಟನ್ನು ಬಂಡಿಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿ, ಇನ್ನೊಮ್ಮೆ ಒರೆಸಿ, "ಅದು ಇನ್ನ ಐತೇನ್ರಿ?" ಎಂದಳು. ಇಲ್ಲಿಗೆ ಬಂದ ಹೊಸತರಲ್ಲೇ ಫೋನು ನೀರಿನ ತೊಟ್ಟಿಗೆ ಬಿದ್ದು, ನಮ್ಮಲ್ಲಿ ಇಟ್ಟ ಮೇಲೆ ತೆಗೆದವೂ ಹೋಗಿದ್ದವಂತೆ. ನಮ್ಮ ಕಂಪ್ಯೂಟರು ಎಂದೋ ಗುಜರಿಗೆ ಹೋಯಿತೆಂದು ಯಾರೋ ಹೇಳಿದ್ದರಂತೆ. "ಹೋದ್ದು ಕೇಳಿ ನಿಮಗ್ಯಾಕ ಬ್ಯಾಸರ ಮಾಡೂದಂತ ಕೇಳ್ಲೇ ಇಲ್ಲ."

ಲಾರಿಯ ಮಾಲಕನಿಗೆ ಕ್ಯಾಬಿನ್ನಿನಲ್ಲಿ ಹೆಂಗಸರು ಕೂರುವುದು ಆಗಿಬರುತ್ತಿರಲಿಲ್ಲವಂತೆ. ಲಚ್ಚಮ್ಮನಿಗೋ ಒಂದೇ ಹಂಬಲ, ಗಂಡ ದಿನವೆಲ್ಲ ಏನು ನೋಡುತ್ತಾನೆ ಎಂದು. ಅದಕ್ಕೇ ಅವರು ಫೋನನ್ನು ಗಾಜಿಗೆ ಆನಿಸಿ ರಸ್ತೆಯನ್ನೇ ಮನೆಗೆ ತಂದುಕೊಡುತ್ತಿದ್ದದ್ದು. ನೋಡಿ ನೋಡಿ ಅವಳಿಗೆ ದಾರಿ ಬಾಯಿಪಾಠ. ಎಷ್ಟರಮಟ್ಟಿಗೆಂದರೆ, ಲಾರಿ ಬಿಟ್ಟಾಗಿನಿಂದ ಗಂಡಹೆಂಡತಿಗೆ ಅದೇ ಜಗಳ. ಕರ್ನೂಲಿನ ದಾರಿಯಲ್ಲಿ ಹಳದಿ ಗೋಡೆಯ ಚಾ ಹೋಟೆಲಿದೆಯಲ್ಲ, ಅದು ಮೋರಿಗಿಂತ ಮೊದಲು ಎಂದು ಅವರು, ಮೋರಿ ದಾಟಿದ ಮೇಲೆ ಎಂದು ಇವಳು.

"ಜಲ್ಮವೆಲ್ಲ ಅದs ರೋಡಿನ್ಯಾಗ ಲಾರಿ ಹೊಡದೀನ್ರಿ ನಾನು," ಎಂದರು ಆ ಮನುಷ್ಯ, ನ್ಯಾಯಕ್ಕೆ ಸಾಕ್ಷಿ ಸಿಕ್ಕವರಂತೆ ನನ್ನ ಕಡೆ ತಿರುಗಿ. "ಈಕಿ ಆದೋನಿ ದಾಟಿ ಈ ಗೋನೆಗಂಡ್ಲ ಬಿಟ್ರ ಬ್ಯಾರೆ ಊರು ಕಂಡಾಕಿ ಅಲ್ಲ. ನನಗ ದಾರಿ ಹೇಳ್ತಾಳ."

"ತೋರಿಸ್ರಿ ಅಣ್ಣಾರ," ಎಂದಳು ಲಚ್ಚಮ್ಮ.

ಬಾಣಲೆ ಕೆಳಗಿಳಿಯಿತು. ಬಜ್ಜಿಗೆ ಬಂದಿದ್ದ ಗಿರಾಕಿಗಳೂ ಬಗ್ಗಿದರು. ನನ್ನ ಫೋನಿನ ಪುಟ್ಟ ಗಾಜಿನೊಳಗೆ ರಸ್ತೆ ಬಂತು. "ನೋಡಿಲ್ಲಿ," ಎಂದಿತು ಆಗಿನ ದನಿ. ಬೆಂಚಿನ ಮೇಲಿದ್ದ ಈಗಿನ ಗಂಡಸು ತನ್ನ ದನಿಯನ್ನು ತಾನೇ ಕೇಳಿ ಸಂಕೋಚದಿಂದ ಮೀಸೆ ಸವರಿಕೊಂಡರು. ಗೋನೆಗಂಡ್ಲ ಹೋಯಿತು. ಕೈ ಮಾಡು ಎಂದದ್ದಕ್ಕೆ ಲಚ್ಚಮ್ಮ, ತವರಿನಲ್ಲೇ ನಿಂತು, ಕೈ ಮಾಡಿದಳು. ಹೊಲ, ಹೊಲ, ಒಂದು ಕುರಿಹಿಂಡು. ಮೋರಿ ಬಂತು. ಮೋರಿ ಹೋಯಿತು. ಆಮೇಲೆ ನಿಧಾನಕ್ಕೆ, ಬೇಕೆಂದೇ ತಡಮಾಡಿದಂತೆ, ಹಳದಿ ಗೋಡೆ ಬಂತು.

ಗಿರಾಕಿಗಳು ನಕ್ಕರು. ಲಚ್ಚಮ್ಮ ನಗಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಓಡಿಸಿದವರು ನೀವು. ನೋಡಿದಾಕಿ ನಾನು."

ಆ ಮನುಷ್ಯ ಮತ್ತೊಂದು ಈರುಳ್ಳಿ ಕೈಗೆತ್ತಿಕೊಂಡು, "ಆತು ಬಿಡು, ನಿನಗಾಗೇ ತೆಗ್ದದ್ದಲ್ಲೇನು," ಎಂದರು.

ಹೊರಡುವಾಗ ಪೆನ್ ಡ್ರೈವಿಗೆ ಒಂದು ಚೀಟಿ ಅಂಟಿಸೋಣವೆಂದು ಪೆನ್ನು ತೆಗೆದೆ. ಗುಮಾಸ್ತನ ಚಾಳಿ. "ಏನಂತ ಬರೀಲವಾ?"

"ಅವರದು ಅಂತ ಇತ್ತಲ್ಲ, ಅದನ್ನs ಬರೀರಿ," ಎಂದಳು ಲಚ್ಚಮ್ಮ.

"ಆಕೀದು ಅಂತ ಬರೀರಿ," ಎಂದರು ಅವರು.

"ತೆಗ್ದವರು ಯಾರು?"

"ನೋಡಿದಾಕಿ ಯಾರು? ಈಗ ನೀನs ಅಂದಿ."

ಹೊಸ ಜಗಳ ಕುದುರಿತು. ಬಸ್ಸು ಬಂತು. ಚೀಟಿಯನ್ನು ಖಾಲಿ ಬಿಟ್ಟು, ಒಂದು ಕಾಗದದ ಪೊಟ್ಟಣದ ತುಂಬ ಬಜ್ಜಿ ಇಸಿದುಕೊಂಡು ಓಡಿದೆವು. ಕಿಟಕಿಯ ಹತ್ತಿರ ಬಂದು ಲಚ್ಚಮ್ಮ ಹೇಳಿದ್ದು ಇಷ್ಟು: "ಅಣ್ಣಾರ, ಇಲ್ಲಿ ನೀರಿನ ತೊಟ್ಟಿ ಇನ್ನೂ ಐತಿ. ಒಂದು ನಿಮ್ಮಲ್ಲೂ ಇರಲಿ."

ಅವರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಐತವಾರ ಶಬಾನಾ ಬಂದಳು. ಹೇಳಿದಂತೆ ಎಲ್ಲ ಸಾಫ್ ಮಾಡಿ, ಹೊಸ ಡಿಸ್ಕು ಕೂಡಿಸಿ, ಪರದೆ ನನ್ನ ಕಡೆ ತಿರುಗಿಸಿದಳು. ಕೆಂಪು ಪಟ್ಟಿ ಹೋಗಿ ಬೆಳ್ಳನೆಯ ಬಯಲು. "ಕ್ರಿಕೆಟ್ ಆಡಬೌದು ಅಂಕಲ್. ಇನ್ನ ಮ್ಯಾಲ ಯಾರದೂ ಇಟ್ಕೋಬ್ಯಾಡ್ರಿ." ವಾರದ ಹಿಂದೆ ನಾನೂ ಅದೇ ಪ್ರತಿಜ್ಞೆ ಮಾಡಿದ್ದೆ. ಈಗ ಆ ಖಾಲಿ ಬಯಲನ್ನು ನೋಡುತ್ತಿದ್ದರೆ, ಗುಡಿಸಿ ಹೊಗೆ ಹಾಕಿದ ಗುಂಡಿಯ ಪಕ್ಕದಲ್ಲಿ ಮುಷ್ಟಿ ಬಿಗಿಹಿಡಿದು ನಿಂತ ಅತ್ತಿ ಕಂಡಳು. ಫೋನನ್ನು ಮುಂದೆ ಚಾಚಿದೆ.

"ಇದನ್ನ ಮೊದಲು ಹಾಕು."

"ಅರೇ, ಈಗs ಖಾಲಿ ಮಾಡೇನಿ."

"ಅದಕ್ಕs. ಒಂದು ಹಿಡಿ ಇರಲಿ."

ಅವಳಿಗೆ ಅರ್ಥವಾಗಲಿಲ್ಲ, ಆದರೂ ಹಾಕಿದಳು. ಅಷ್ಟರಲ್ಲಿ ಕಿಟಕಿಯಲ್ಲಿ ನೆರಳಾಡಿತು. ಗಂಗಮ್ಮ, ಕೈಯಲ್ಲಿ ಫೋನು.

"ಜಾಗ ಆತಂತಲ್ಲ ಅಣ್ಣಾರ. ಮೊಮ್ಮಗಳ ಜವಳದ ವಿಡಿಯೋ ಒಂದೀಟು..."

ಶಬಾನಾ ಹಣೆ ಬಡಿದುಕೊಂಡಳು. "ತಾ ಇಲ್ಲಿ," ಎಂದೆ ನಾನು. ಎಷ್ಟು ಸಲೀಸಾಗಿ ಬಂತು ಎಂದರೆ, ನನ್ನ ಬಾಯಲ್ಲಿ ಬೇರೆ ಯಾರೋ ಅಂದ ಹಾಗಿತ್ತು. ಗಂಗಮ್ಮ ಒಳಗೆ ಬಂದು ಕೂತಳು. ಹಾಕಿದ್ದು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಶಬಾನಾ ಲಾರಿಯ ವಿಡಿಯೋ ಹಚ್ಚಿ, ದನಿ ಜೋರು ಮಾಡಿದಳು. ನಿಂಬೆಹಣ್ಣು ತೂಗಾಡಿತು. ರಸ್ತೆ ಬಿಚ್ಚಿಕೊಂಡಿತು. ಎರಡು ಗಿಡ್ಡ, ಒಂದು ಉದ್ದ, ಹಾರನ್ನು ಮನೆ ತುಂಬಿತು.

ಅಡಿಗೆಮನೆಯಿಂದ ಸುವರ್ಣಳ ದನಿ ಬಂತು.

"ಇಟ್ಟೀನಿ, ಇಟ್ಟೀನಿ. ಎಲ್ಲಾರೂ ಕೈಕಾಲು ತೊಳ್ಕೊಂಡು ಬರ್ರಿ."